ತಂತಿಯಿಲ್ಲದ ಸ್ವಿಚ್ಚು

ರೋಣದಿಂದ ಗಂಡಿನ ಕಡೆಯವರು ಮಗಳನ್ನು ನೋಡಲು ಬರುತ್ತಾರೆಂದು ಗೊತ್ತಾದ ಗಳಿಗೆಯಿಂದ ಫಕ್ಕೀರಪ್ಪನಿಗೆ ತನ್ನ ಮನೆಯ ಗೋಡೆಗಳು ಬೋಳಾಗಿ ಕಾಣತೊಡಗಿದವು. ಗಜೇಂದ್ರಗಡದ ಅವನ ಓಣಿಗೆ ಆ ವರ್ಷವಷ್ಟೇ ವಿದ್ಯುತ್ ಕಂಬಗಳು ಬಂದಿದ್ದವು. ಅನುಕೂಲಸ್ಥರ ಕೆಲವು ಮನೆಗಳಲ್ಲಿ ಬಲ್ಬು ಉರಿಯುತ್ತಿತ್ತು. ಫಕ್ಕೀರಪ್ಪನ ಮಗ್ಗ ಮಾತ್ರ ಇನ್ನೂ ಕಂದೀಲಿನ ಬೆಳಕಿನಲ್ಲೇ ನಡೆಯುತ್ತಿತ್ತು. ಬರುವವರೂ ಒಂದು ಕಾಲಕ್ಕೆ ನೇಕಾರರೇ. ಈಗ ರೋಣದ ಪೇಟೆಯಲ್ಲಿ ಅರಳೆ ವ್ಯಾಪಾರ ಹಿಡಿದಿದ್ದರು. ಸಂಬಂಧ ತಂದವನು ಹೋಗುವಾಗ ಒಂದು ಮಾತು ಬಿಟ್ಟುಹೋಗಿದ್ದ: "ಅವರ ಮನ್ಯಾಗ ಪಡಸಾಲಿಗೊಂದ, ಅಡಗಿಮನಿಗೊಂದ ಲೈಟ್ ಅದಾವ್ ನೋಡಪಾ."

ಫಕ್ಕೀರಪ್ಪ ಯಮನೂರಸಾಬನ ಹತ್ತಿರ ಹೋದ. ಊರ ಮನೆಗಳಿಗೆ ವೈರಿಂಗ್ ಮಾಡುವ ಯಮನೂರಸಾಬ ಅವನ ಸಣ್ಣಂದಿನ ಗೆಳೆಯ.

"ಹಳೇ ಸ್ವಿಚ್, ಹೋಲ್ಡರ್ ಏನರ ಬಿದ್ದಾವೇನೋ ಯಮನೂರಾ?"

ಯಮನೂರಸಾಬ ಯಾವುದೋ ಮನೆಯಿಂದ ಬಿಚ್ಚಿ ತಂದಿದ್ದ ಸಾಮಾನನ್ನು ಮುಂದಿಟ್ಟ. ಅಂಗೈಯಗಲದ ಕಟ್ಟಿಗೆಯ ಪೆಟ್ಟಿಗೆ, ಅದರ ಮುಚ್ಚಳಕ್ಕೆ ಕೂರಿಸಿದ ಕರಿ ಸ್ವಿಚ್ಚು, ತೊಲೆಗೆ ಹೋಲ್ಡರು ಹಿಡಿಸಲು ಬೇಕಾದ ಗುಂಡನೆಯ ಕಟ್ಟಿಗೆಬಿಲ್ಲೆ, ವೈರು ಮುಚ್ಚುವ ಕಟ್ಟಿಗೆಯ ಪಟ್ಟಿ.

"ವೈರ್ ಎಷ್ಟ ಬೇಕು?"

"ವೈರ್ ಬ್ಯಾಡ."

ಯಮನೂರಸಾಬ ಅವನ ಮುಖ ನೋಡಿದ. ಅರ್ಥವಾಯಿತು. "ಬ್ಯಾಡೋ ಫಕ್ಕೀರಾ. ಮಂದಿ ಮುಂದ ನಗಿಗೇಡ ಆಗತೈತಿ."

"ಮಧ್ಯಾಹ್ನ ಬರ್ತಾರ, ಹೊತ್ತ ಮುಳುಗೂದ್ರಾಗ ಹೋಗ್ತಾರ. ಹಗಲಾಗ ಯಾರ್ ಲೈಟ್ ಹಚ್ತಾರ?"

"ಹಂಗಾರ ಮಣ್ಣಿನ ಗ್ವಾಡಿಗೆ ಬರೇ ಮೊಳಿ ಬಡೀಬ್ಯಾಡ. ಗ್ವಾಡಿ ಕೊರದು, ಕಟಗಿ ಗೂಟ ಇಟ್ಟು, ಸಿಮೆಂಟ್ ಮೆತ್ತಿ ಒಣಗಾಕ ಬಿಡಬೇಕು. ಆಮ್ಯಾಲ ಆ ಗೂಟಕ್ಕ ಪೆಟಗಿ ಕೂಡಸಬೇಕು."

ಒಣಗಲು ಬಿಡುವಷ್ಟು ಪುರಸೊತ್ತು ಎಲ್ಲಿತ್ತು? ನೋಡುವವರು ಬರುವುದು ಮರುದಿನವೇ. ಫಕ್ಕೀರಪ್ಪ ಪೆಟ್ಟಿಗೆಯನ್ನು ಮೊಳೆ ಬಡಿದೇ ನಿಲ್ಲಿಸಿದ. ಅಲ್ಲಿಂದ ತೊಲೆಯವರೆಗೆ ಖಾಲಿ ಪಟ್ಟಿಯನ್ನು ಏರಿಸಿದ. ಹೋಲ್ಡರಿಗೆ ಬಲ್ಬು ಸಿಕ್ಕಿಸಿದಾಗ ಪಡಸಾಲೆ ಶ್ರೀಮಂತರದೆಂಬಂತೆ ಕಂಡಿತು.

ಮಗಳು ಸುಶೀಲವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಎಲ್ಲವನ್ನೂ ನೋಡುತ್ತಿದ್ದಳು. "ಯಪ್ಪಾ, ಅವರು ಲೈಟ್ ಹಚ್ರಿ ಅಂದ್ರ?"

"ಅನ್ನೂದಿಲ್ಲ ಬಿಡವ್ವಾ."

ಮರುದಿನ ರೋಣದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಹುಡುಗನ ಅಪ್ಪ ಅರ್ಜುನಪ್ಪ, ಅವ್ವ ಹೊಳೆವ್ವ ಮತ್ತು ಹುಡುಗ ಮನೆಯ ಹೊಸ್ತಿಲು ದಾಟುವಾಗ ಹೊತ್ತು ಮುಳುಗಿತ್ತು. ಫಕ್ಕೀರಪ್ಪನ ಹೆಂಡತಿ ಕಳಕವ್ವ ರೂಢಿಯಂತೆ ಕಂದೀಲು ಹಚ್ಚಿಕೊಂಡು ಬಂದಳು. ಗಂಡ ಕಣ್ಣು ಬಿಟ್ಟದ್ದು ನೋಡಿ ಹಾಗೇ ಒಳಗೆ ತೆಗೆದುಕೊಂಡು ಹೋದಳು. ಸುಶೀಲವ್ವ ನಸುಗತ್ತಲೆಯಲ್ಲಿ ತಡವರಿಸುತ್ತ ಚಹಾ ತಂದಿಟ್ಟಳು.

"ಹುಡಿಗಿ ಮಾರಿನ ಕಾಣವಲ್ದು. ಲೈಟ್ ಹಚ್ರೆಲಾ," ಎಂದಳು ಹೊಳೆವ್ವ.

"ಕರೆಂಟ್ ಹೋಗೇತ್ರಿ," ಎಂದ ಫಕ್ಕೀರಪ್ಪ.

ಎದುರು ಮನೆಯ ಬಲ್ಬು ಕಿಟಕಿಯಿಂದ ಝಗಝಗ ಹೊಳೆಯುತ್ತಿತ್ತು. ಅರ್ಜುನಪ್ಪ ಅತ್ತ ಒಮ್ಮೆ ನೋಡಿ ಚಹಾದ ಕಪ್ಪು ಎತ್ತಿಕೊಂಡ. ಹೊಳೆವ್ವನಿಗೆ ಅದೇನೂ ಹೊಳೆಯಲಿಲ್ಲ. "ಸ್ವಿಚ್ ಬಿಗಿ ಆಗಿರಬೇಕ್ರಿ. ನಮ್ಮನ್ಯಾಗೂ ಹಂಗ ಆಗಿತ್ತು," ಎನ್ನುತ್ತ ಎದ್ದು ಹೋಗಿ ಸ್ವಿಚ್ಚು ಒತ್ತಿದಳು. ಬಲ್ಬು ಹತ್ತಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದು ಒತ್ತಿದಳು. ಮೊಳೆಗಳ ಸಮೇತ ಪೆಟ್ಟಿಗೆ ಕಿತ್ತುಬಂತು. ಅದರ ಹಿಂದೆಯೇ ಒಂದು ಹೆಂಟೆ ಮಣ್ಣು ದಪ್ಪೆಂದು ಅವಳ ಕಾಲ ಬಳಿ ಬಿತ್ತು. ಮುಚ್ಚಳ ಬಿಚ್ಚಿಕೊಂಡಿತು. ಒಳಗೆ ಏನೂ ಇರಲಿಲ್ಲ.

ಹುಡುಗ ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಗು ತಡೆದ. ಹೊಳೆವ್ವ, "ಅಯ್ಯ, ನನ್ನ ಕೈ ಹತ್ತಿ ಕಿತ್ತಿತೇನ್ರೀ!" ಎಂದು ಗಾಬರಿಯಾದಳು. ಅವಳ ಆ ಗಾಬರಿಯೇ ಫಕ್ಕೀರಪ್ಪನನ್ನು ಹೆಚ್ಚು ಸುಟ್ಟಿತು.

ಸುಶೀಲವ್ವ ಒಳಗೆ ಹೋಗಿ ಕಂದೀಲು ತಂದು ನಡುವೆ ಇಟ್ಟಳು. "ನಿಮ್ಮ ಕೈದು ತಪ್ಪಲ್ರೀ ಅವ್ವಾ. ನಮ್ಮನ್ಯಾಗ ಕರೆಂಟ್ ಇಲ್ರಿ. ಬರ್ರಿ, ಕುಂದರ್ರಿ, ಚಹಾ ಆರತೈತಿ." ಹತ್ತು ಮಂದಿ ಮೆಚ್ಚಲಿ ಎಂದು ತಲೆ ಬಾಚಿ ಹೂ ಮುಡಿದು ಕೂರಬೇಕಾದ ದಿನ, ಅಪ್ಪನ ಸುಳ್ಳನ್ನು ಅವಳು ತನ್ನ ಬಾಯಿಂದಲೇ ಬಯಲು ಮಾಡಬೇಕಾಗಿ ಬಂದಿತ್ತು.

ಅವರು ಮಳೆಯ ಮಾತು, ಅರಳೆಯ ಮಾತು ಆಡಿ ಹೋದರು. ಆಮೇಲೆ ಹುಡುಗ ಹುಡುಗಿಯ ಹೆಸರುಬಲ ಕೂಡಲಿಲ್ಲವೆಂದು ಹೇಳಿಕಳಿಸಿದರು. ಹೆಸರುಬಲ ನೋಡಿ, ಕೂಡಿತೆಂದ ಮೇಲೆಯೇ ಅವರು ಬಂದಿದ್ದರು.

ಓಣಿಯಲ್ಲಿ ಸುದ್ದಿ ಹಬ್ಬಿತು. ಫಕ್ಕೀರಪ್ಪ ಪೇಟೆಗೆ ಹಿತ್ತಲ ದಾರಿಯಿಂದ ಹೋಗಿಬರತೊಡಗಿದ. ಮಗಳು ಎಂದಿನಂತೆ ನೇಯುತ್ತಿದ್ದಳು. ಕಡೆಗೆ ಅವನೇ ತಡೆಯಲಾರದೆ ಕೇಳಿದ: "ಒಮ್ಮೆರ ಬೈದುಬಿಡವ್ವಾ ನನ್ನ."

ಅವಳು ಲಾಳಿ ನಿಲ್ಲಿಸಿದಳು. "ಬೈದು ಏನ್ ಮಾಡ್ಲಿ? ನನ್ನ ಸಲುವಾಗೇ ಮಾಡಿದಿ. ಆದ್ರ ಯಪ್ಪಾ, ನಾ ನೇಯ್ದದ್ದ ಒಂದ್ ಸೀರಿನೂ ಅವರಿಗೆ ತೋರಸಲಿಲ್ಲ ನೀ. ಬರೇ ಆ ಬಲ್ಬಿನ ಕಡೆ ನೋಡಿದಿ."

ಫಕ್ಕೀರಪ್ಪ ಎದ್ದು ಹಿತ್ತಲಿಗೆ ಹೋಗಿ, ಮುಖ ಒರೆಸಿಕೊಂಡು ಬಂದ.

ಸುಗ್ಗಿಯ ನಂತರ ಇಟಗಿಯಿಂದ ಇನ್ನೊಂದು ಮನೆಯವರು ಬಂದರು. ಅವರು ಕೂರುತ್ತಲೇ ಫಕ್ಕೀರಪ್ಪ ಶುರುಮಾಡಿದ: "ಕರೆಂಟ್ ಇಲ್ರಿ ನಮ್ಮಲ್ಲಿ. ಮಾಳಗಿ ಸೋರತೈತ್ರಿ. ಈ ಹಾಸೀದ ಜಮಖಾನಿ ಸೈತ ಮಂದೀದ್ರಿ..."

"ಯಪ್ಪಾ, ಸಾಕು," ಎಂದಳು ಸುಶೀಲವ್ವ ಒಳಗಿನಿಂದ.

ಬಂದವರು ನಕ್ಕರು. ಹುಡುಗನ ಅಜ್ಜ, "ನಮ್ಮೂರಿಗೆ ಇನ್ನ ಕಂಬನ ಬಂದಿಲ್ಲ ಬಿಡ್ರಿ. ಹುಡಿಗಿ ನೇಯ್ಗಿ ತೋರಸ್ರಿ," ಎಂದ. ಆ ಸಂಬಂಧ ಕೂಡಿತು, ಮದುವೆಯೂ ಆಯಿತು.

ಮುಂದೊಂದು ದಿನ ರೋಣದಲ್ಲಿ ಫಕ್ಕೀರಪ್ಪ ಬಸ್ಸಿಗೆ ಕಾಯುತ್ತಿದ್ದಾಗ ಹೊಳೆವ್ವ ಎದುರಾದಳು. ಗುರುತು ಹಿಡಿದು ತಾನೇ ಹತ್ತಿರ ಬಂದು, "ಮಗಳು ಚಲೋ ಅದಾಳೇನ್ರಿ?" ಎಂದು ಪ್ರೀತಿಯಿಂದಲೇ ಕೇಳಿದಳು.

"ಅದಾಳ್ರೀ ಅವ್ವಾ," ಎಂದ ಫಕ್ಕೀರಪ್ಪ. ಅಷ್ಟು ಹೇಳುವಾಗಲೂ ಅವಳ ಮುಖ ನೋಡಲು ಅವನಿಂದ ಆಗಲಿಲ್ಲ.