ಹಾಲುಕ್ಕಿಸಿದ ಒಲೆ

ಒಲೆ ಹಾಕುವ ಕೈ ದೇವರು ಕೊಟ್ಟದ್ದು ಎಂದು ನಮ್ಮ ಕಡೆ ಹೇಳುತ್ತಾರೆ. ನಜರ್‌ಬಾದಿನ ಮಂಗಳಮ್ಮನಿಗೆ ಆ ಕೈ ಇತ್ತು. ಹುತ್ತದ ಮಣ್ಣು, ಹೊಟ್ಟು, ಸಗಣಿ ಕಲಸಿ ಅವಳು ಕಟ್ಟಿದ ಒಲೆ ಹತ್ತು ವರ್ಷವಾದರೂ ಬಿರುಕು ಬಿಡುತ್ತಿರಲಿಲ್ಲ. ಆದರೆ ಆ ಒಲೆಯ ಹೊಗೆಯೇ ಅವಳ ಸೊಸೆ ಚಂದ್ರಮತಿಯ ಕಣ್ಣು ತಿನ್ನುತ್ತಿತ್ತು. ಹೊಗೆ ತಪ್ಪದಿದ್ದರೆ ಕಣ್ಣು ಉಳಿಯದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಐವತ್ತೈದನೆಯ ಇಸವಿ ಅದು. ಹಳ್ಳಿಮನೆಗಳಿಗೆ ಹೊಗೆಯಿಲ್ಲದ ಒಲೆ ಹಂಚುವ ಕಚೇರಿಯೊಂದು ಅವಳ ಬೀದಿಯ ತುದಿಯಲ್ಲೇ ತೆರೆಯಿತು. ಒಂದೇ ಬೆಂಕಿಗೆ ಮೂರು ಪಾತ್ರೆ, ಅರ್ಧ ಸೌದೆ, ಹೊಗೆಯೆಲ್ಲ ತಗಡಿನ ಕೊಳವೆಯಲ್ಲಿ ಮೇಲಕ್ಕೆ. ಮಣ್ಣಿನ ಕೆಲಸ ಮಂಗಳಮ್ಮನಿಗೆ ನೀರು ಕುಡಿದಷ್ಟು ಸಲೀಸು. ಕೊಳವೆ ಮಾತ್ರ ಕಚೇರಿಯವರೇ ಕೊಡಬೇಕು.

"ಅಂಗಳದಲ್ಲಿ ಒಂದು ಮಾದರಿ ಒಲೆ ಹಾಕ್ಕೊಡು ಮಂಗಳಮ್ಮ. ಸಾಹೇಬರು ನೋಡಿ ಒಪ್ಪಿದ್ರೆ ಮೊದಲ್ನೇ ಕೊಳವೆ ನಿನ್ನ ಮನೆಗೇ," ಎಂದರು ಮೇಲ್ವಿಚಾರಕ ಶಿವರುದ್ರಪ್ಪ, ಬಾಯಿ ತುಂಬ ತಾಂಬೂಲ ಇಟ್ಟುಕೊಂಡು.

ಅವಳು ಕಟ್ಟಿ, ಕಚೇರಿಯವರು ಕೊಟ್ಟ ಕೊಳವೆ ಕೂರಿಸಿದಳು. ಅರಿಸಿನ ಕುಂಕುಮವಿಟ್ಟು, ಹೊಸ ಮನೆಯಲ್ಲಿ ಮಾಡುವಂತೆ ಹಾಲುಕ್ಕಿಸಿದಳು. ಜವಾನ ಚಿಕ್ಕಣ್ಣ ನಕ್ಕ. "ಇದು ಕಚೇರಿ ಕಣಮ್ಮೋ, ಯಾರ ಮನೆ ಅಂತ ಹಾಲುಕ್ಕುಸ್ತೀಯೆ?"

"ಒಲೆ ಇದ್ದ ಕಡೆ ಮನೆ ಕಣೋ," ಎಂದಳು. ಹಾಲುಕ್ಕಿದ ಒಲೆಗೆ ಯಾರೂ ಎಂಜಲು ತಾಗಿಸುವುದಿಲ್ಲವೆಂದು ಅವಳು ನಂಬಿದ್ದಳು. ತಪ್ಪಿದ್ದು ಅಲ್ಲೇ.

ಎರಡು ತಿಂಗಳ ಮೇಲೆ ಸಾಹೇಬರು ಬರುವ ದಿನ ಗೊತ್ತಾಯಿತು. ಬೆಳಿಗ್ಗೆಯೇ ಸೌದೆ, ಅಕ್ಕಿ, ಬೆಲ್ಲ ಹೊತ್ತು ಬಂದವಳು ಒಲೆಯ ಬಾಯಿಗೆ ಬಗ್ಗಿದಳು. ವಾಸನೆ ಮುಖಕ್ಕೆ ಹೊಡೆಯಿತು. ಒಳಗೋಡೆಯ ಮೇಲೆ ತಾಂಬೂಲದ ಉಗುಳು ಹಕ್ಕಳೆಗಟ್ಟಿತ್ತು. ಅದರ ಮೇಲೆ ಆ ದಿನದ್ದು ಇನ್ನೂ ಹಸಿಯಾಗಿ ಇಳಿಯುತ್ತಿತ್ತು. ಬೀಡಿ ತುಂಡು, ಅಗಿದ ಅಡಿಕೆ, ಕಫ.

"ಅಯ್ಯೋ ಸ್ವಾಮಿ, ಒಲೇಗೆ ಉಗ್ದಿದ್ದೀರಲ್ಲ!"

"ಬೆಂಕಿಗೆ ಮೈಲಿಗೆ ಉಂಟೇನಮ್ಮ? ಹಚ್ಚು, ಎಲ್ಲಾ ಸುಟ್ಟೋಗ್ತದೆ," ಎಂದರು ಶಿವರುದ್ರಪ್ಪ.

ಬೆಂಕಿಗೆ ಮೈಲಿಗೆಯಿಲ್ಲ, ನಿಜ. ಆದರೆ ಸುಡುಗಾಡಿನ ಬೆಂಕಿಗೂ ಯಾರೂ ಉಗಿಯುವುದಿಲ್ಲ. ಎದ್ದು ಹೋಗಿಬಿಡೋಣ ಎನ್ನಿಸಿತು. ಕಣ್ಣಿಗೆ ಸೆರಗೊತ್ತಿಕೊಂಡು ರೊಟ್ಟಿ ತಟ್ಟುವ ಚಂದ್ರಮತಿ ನೆನಪಾದಳು. ಮಂಗಳಮ್ಮ ಕುಕ್ಕರುಗಾಲಲ್ಲಿ ಕೂತಳು.

ತೆಂಗಿನ ಚಿಪ್ಪಿನಿಂದ ಕೆರೆದಳು. ಒಳಗಿನ ತಿರುವಿಗೆ ಚಿಪ್ಪು ಹೋಗಲಿಲ್ಲ, ಬೆರಳು ಹಾಕಿದಳು. ಲೋಳೆ ಉಗುರಿನ ಸಂದಿಗೆ ಹತ್ತಿತು. ಮನಸ್ಸಿನಲ್ಲೇ ಬೆಟ್ಟದ ತಾಯಿಯನ್ನು ನೆನೆಯುತ್ತ ಪೂರ್ತಿ ಬಳಿದು ತೆಗೆದಳು. ಆಮೇಲೆ ಸಗಣಿ ಸಾರಿಸಿ ಬೆಂಕಿ ಹಚ್ಚಿದಳು.

ಹೊಗೆ ಒಂದೆಳೆಯೂ ಕೆಳಗಿಳಿಯಲಿಲ್ಲ. ಅನ್ನ, ಸಾರು, ಪಾಯಸ ಮೂರೂ ಒಟ್ಟಿಗೆ ಬೆಂದವು. ಸಾಹೇಬರು ಪಾಯಸ ಎರಡು ಸಲ ಹಾಕಿಸಿಕೊಂಡರು.

"ಭೇಷ್! ವರದಿ ಬರೀರಿ ಶಿವರುದ್ರಪ್ಪ. ಕೊಳವೆ ವಿಚಾರ ಬರೋ ವರ್ಷ ನೋಡೋಣ."

ಜೀಪು ಹೋಯಿತು. ಶಿವರುದ್ರಪ್ಪ ತೇಗಿ, ಎಲೆ ಮಡಿಸಿ ಬಾಯಿಗಿಟ್ಟು, ಅಗಿಯುತ್ತ ಒಲೆಯ ಹತ್ತಿರ ಬಂದರು. ಕೆಂಡ ಇನ್ನೂ ಕೆಂಪಗಿತ್ತು. ಅವಳ ಕಣ್ಣೆದುರಿಗೇ ಅದರೊಳಕ್ಕೆ ಪಿಚಕ್ಕನೆ ಉಗಿದರು. ಚುಂಯ್ ಎಂದಿತು.

ಮಂಗಳಮ್ಮ ಎದ್ದಳು. ಗೋಣಿಚೀಲ ನೀರಲ್ಲಿ ಅದ್ದಿ ಬಿಸಿ ಕೊಳವೆಗೆ ಸುತ್ತಿದಳು. ಅಲುಗಾಡಿಸಿ ಒಲೆಯಿಂದ ಕಿತ್ತಳು.

"ಏಯ್! ಸರ್ಕಾರದ ಸಾಮಾನು ಅದು!"

"ಇದು ಪೀಕದಾನಿ ಅಲ್ವೇ ಸ್ವಾಮಿ? ಪೀಕದಾನಿಗೆ ಕೊಳವೆ ಯಾಕೆ? ಪೊಲೀಸ್ನೋರ್ನ ಕರೀರಿ, ಒಳಗೆ ಬಗ್ಗಿ ನೋಡ್ಲಿ."

ಶಿವರುದ್ರಪ್ಪ ಬಾಯಿ ತೆರೆಯಲು ಹೋದರು. ಬಾಯಲ್ಲಿ ಮತ್ತೆ ರಸ ತುಂಬಿತ್ತು. ಚಿಕ್ಕಣ್ಣ ಈ ಸಲ ನಗಲಿಲ್ಲ. ಹೋಗಿ ಗೇಟು ತೆಗೆದು ನಿಂತ.

ಪೊಲೀಸರು ಬರಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಏಳು ಸಲ ತಿಕ್ಕಿದ ಕೊಳವೆ ಮಂಗಳಮ್ಮನ ಹೊಸ ಒಲೆಯ ಮೇಲೆ ನಿಂತಿತು. ಹೊಗೆ ಸೂರಿನಾಚೆ ಹೋಯಿತು. ಚಂದ್ರಮತಿ ಸೆರಗೊತ್ತಿಕೊಳ್ಳದೆ ರೊಟ್ಟಿ ತಟ್ಟಿದಳು.

ಮಂಗಳಮ್ಮ ಮಾತ್ರ ಅಂದಿನಿಂದ, ಊಟಕ್ಕೆ ಕೂತಾಗಲೆಲ್ಲ, ತುತ್ತು ಕಲಸುವ ಮೊದಲು ಬಲಗೈಯನ್ನು ಒಮ್ಮೆ ಮೂಸಿ ನೋಡುತ್ತಿದ್ದಳು.