ಹಳದಿ ಬೂಟಿನ ಮಗು

ಸುಮಿಯೆ ಶವಪೆಟ್ಟಿಗೆಯೊಳಗೆ ಇಟ್ಟಿದ್ದ ಪ್ಲಾಸ್ಟಿಕ್ ಕ್ಯಾಸೆಟ್ಟನ್ನು ಶವಸಂಸ್ಕಾರದವನು ಎರಡೂ ಕೈಯಲ್ಲಿ ಎತ್ತಿ ಅವಳಿಗೇ ಒಪ್ಪಿಸಿದ.

"ಕ್ಷಮಿಸಿ ಮೇಡಂ. ಹೂವು, ಕಾಗದ, ಬಟ್ಟೆ ಏನು ಬೇಕಾದ್ರೂ ಇಡಿ. ಪ್ಲಾಸ್ಟಿಕ್ ಮಾತ್ರ ಬೇಡ. ಸುಡುವಾಗ ಕರಗಿ ಮೂಳೆಗೆ ಅಂಟಿಕೊಳ್ಳುತ್ತೆ."

"ಅಪ್ಪ ಮಾಡಿದ ಆಟ ಅದು. ಅವರ ಜೊತೆಗೇ ಹೋಗ್ಲಿ ಅಂತ."

"ಜೊತೆಗೆ ಹೋಗ್ಲಿ ಅಂತಾನೋ, ಪೀಡೆ ತೊಲಗ್ಲಿ ಅಂತಾನೋ?" ಎಂದರು ಪಕ್ಕದಲ್ಲಿದ್ದ ಚಿಕ್ಕಪ್ಪ ಮಸಾಜಿ, ಮೆಲ್ಲಗೆ.

ಎರಡನೆಯದೇ ನಿಜವಾಗಿತ್ತು. ಸುಮಿಯೆ ಕ್ಯಾಸೆಟ್ಟನ್ನು ಕೈಚೀಲಕ್ಕೆ ತುರುಕಿಕೊಂಡಳು.

ಅವಳ ಅಪ್ಪ ಕುರಮೋಚಿ ತೆತ್ಸುರೋ ಬದುಕಿನಲ್ಲಿ ಮಾಡಿದ್ದು ಒಂದೇ ಒಂದು ವಿಡಿಯೋ ಗೇಮ್. ಮೂವತ್ತೆಂಟು ವರ್ಷದ ಹಿಂದಿನ ಮಾತು. ಹೆಸರು 'ಸಂಜೆಯ ಕಟ್ಟೆ'. ಮಾರುವವರು ಡಬ್ಬಿಯ ಮೇಲೆ ಕತ್ತಿ ಹಿಡಿದ ಕಡಲ್ಗಳ್ಳನನ್ನು ಬರೆಸಿದ್ದರು. ಒಳಗೆ ಕಡಲ್ಗಳ್ಳನೂ ಇಲ್ಲ, ಕತ್ತಿಯೂ ಇಲ್ಲ. ಹಳದಿ ಬೂಟು ತೊಟ್ಟ ಹೆಣ್ಣುಮಗುವೊಂದು ಏಡಿ ಹಿಡಿದು, ಬೆಕ್ಕು ಅಟ್ಟಿಸಿ, ದ್ವೀಪವೆಲ್ಲ ಸುತ್ತಿ ಕೊನೆಗೆ ದೋಣಿಕಟ್ಟೆಗೆ ಬಂದು ನಿಲ್ಲುತ್ತದೆ. ಅಷ್ಟೇ. ಆಮೇಲೆ ಯಾವ ಗುಂಡಿ ಒತ್ತಿದರೂ ಅಲ್ಲಾಡುವುದಿಲ್ಲ. ದೇಶದ ಮಕ್ಕಳೆಲ್ಲ ಆಟ ಕೆಟ್ಟಿದೆಯೆಂದು ಬೈದರು. ಆ ವರ್ಷದ ಅತಿ ಕೆಟ್ಟ ಆಟ ಅದೇ ಎಂದು ಪತ್ರಿಕೆಯೊಂದು ಬರೆಯಿತು.

*

ಆಗ ಸುಮಿಯೆಗೆ ಒಂಬತ್ತು ವರ್ಷ. ಅವಳ ಹಳದಿ ಬೂಟು ಶಾಲೆಯವರಿಗೆಲ್ಲ ಗೊತ್ತಿತ್ತು. ಅಪ್ಪ ದ್ವೀಪದಿಂದಾಚೆ ದಡದ ಊರಿನ ಗೇಮ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಐದೂವರೆಯ ದೋಣಿಗೆ ಬರುತ್ತೇನೆಂದು ಹೇಳಿಹೋಗುತ್ತಿದ್ದರು. ಅವಳು ಕಟ್ಟೆಯ ಮೇಲೆ ನಿಂತಿರುತ್ತಿದ್ದಳು. ಅಪ್ಪ ಬರುತ್ತಿದ್ದುದು ಅಪರೂಪ.

"ಕೆಟ್ಟು ನಿಂತವಳು ಬಂದಳು" ಎಂದು ತರಗತಿಯಲ್ಲಿ ನಗಾಡಿದ ದಿನ ಅವಳು ಮನೆಗೆ ಬಂದು ಬೂಟು ಕಳಚಿ ಬಿಸಾಕಿದಳು. ಅಪ್ಪ ಊಟಕ್ಕೆ ಕೂತಿದ್ದರು.

"ಸುಮಿ, ಆಟ ಕೆಟ್ಟಿಲ್ಲಮ್ಮ. ಇನ್ನೊಂಚೂರು ಕಾದಿದ್ರೆ..."

"ಕಾದು ಕಾದು ನಂಗೆ ಸಾಕಾಗಿದೆ. ಹೇಳಿದ ಹೊತ್ತಿಗೆ ಯಾವತ್ತು ಬಂದಿದ್ದೀರಿ ನೀವು?"

ಅಪ್ಪ ಊಟದ ಕಡ್ಡಿ ಕೆಳಗಿಟ್ಟರು. ಮುಂದಿನ ತಿಂಗಳೇ ಆ ಕೆಲಸ ಬಿಟ್ಟು ದ್ವೀಪದ ದೋಣಿ ಟಿಕೆಟ್ ಕಿಟಕಿಯಲ್ಲಿ ಕೂತರು. ಮೂವತ್ತು ವರ್ಷ ಕೂತರು. ಆಟದ ಸುದ್ದಿ ಮತ್ತೆ ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

*

ಪೆಟ್ಟಿಗೆ ಒಲೆಯೊಳಗೆ ಹೋಯಿತು. ಮೂಳೆ ಆರಿಸಲು ಕರೆಯುವವರೆಗೆ ಒಂದೂಕಾಲು ಗಂಟೆ ಕಾಯಬೇಕು. ಕಾಯುವ ಕೋಣೆಯಲ್ಲಿ ಟೀ ಇಟ್ಟಿದ್ದರು. ಬಹಳ ಹೊತ್ತಿನ ಮೇಲೆ ಐವತ್ತರ ಆಸುಪಾಸಿನ ಅಪರಿಚಿತರೊಬ್ಬರು ಬಂದು ತಲೆಬಾಗಿಸಿದರು.

"ನಾನು ಹೊರಿಕಾವಾ. ಒಸಾಕಾದಲ್ಲಿ ಕ್ಷೌರದಂಗಡಿ ಇದೆ. ಆಗ ಪ್ಲಾಸ್ಟಿಕ್ ಬೇಡ ಅಂದ್ರಲ್ಲ, ಒಳ್ಳೇದೇ ಆಯ್ತು. ಅದನ್ನ ಒಂದ್ಸಲ ಕೊಡ್ತೀರಾ?"

ಅವರು ಚೀಲದಿಂದ ಹಳೆಯ ಕ್ಯಾಸೆಟ್ಟು ಓಡಿಸುವ ಅಂಗೈಯಗಲದ ಯಂತ್ರ ತೆಗೆದರು.

"ಅಯ್ಯೋ, ಆ ಆಟಾನಾ?" ಎಂದರು ಚಿಕ್ಕಪ್ಪ. "ನಮ್ಮಣ್ಣ ಮಾಡಿದ್ದು ಅಂತ ಗುಂಡಿ ಕಿತ್ತುಬರೋ ತನಕ ಒತ್ತಿದ್ದೀನಿ. ಆ ಮಗು ಜಪ್ಪಯ್ಯ ಅಂದ್ರೂ ಕದಲಲಿಲ್ಲ."

"ಎಲ್ಲಾರೂ ಅದನ್ನೇ ಮಾಡಿದ್ದು, ನಾನೂ ಸೇರಿ. ಹೋದ ವರ್ಷ ಆಡ್ತಾ ಇದ್ದಾಗ ಗಿರಾಕಿ ಬಂದ್ರು. ಹಾಗೇ ಬಿಟ್ಟು ಹೋಗಿ ಅವರ ಕಟಿಂಗು, ಗಡ್ಡ ಎಲ್ಲ ಮುಗಿಸಿ ಬಂದೆ. ಆಗ ಗೊತ್ತಾಯ್ತು. ಗುಂಡಿ ಮುಟ್ಟಿದ್ರೆ ಕಾಯೋದು ಮತ್ತೆ ಮೊದಲಿಂದ. ಮುಟ್ಟದೆ ಕೂತ್ರೆ ಅರ್ಧ ಗಂಟೆ."

"ಅರ್ಧ ಗಂಟೆ ಕಾದ್ರೆ ಏನಾಗುತ್ತೆ?"

"ನೀವೇ ನೋಡಿ" ಎಂದು ಅವರು ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟರು. "ಆಗಲೇ ನಿಮ್ಮ ತಂದೆಗೆ ಪತ್ರ ಬರೆದೆ. ಉತ್ತರ ಬಂತು."

ಟಿಕೆಟ್ಟಿನ ಮೇಲೆ ಬರೆದು ಬರೆದು ಚಿಕ್ಕದಾಗಿಹೋದ ಅಪ್ಪನ ಅಕ್ಷರ. 'ಒಬ್ಬರಾದರೂ ಕಾದಿರಲ್ಲ, ಸಂತೋಷ. ಮಗಳು ಮನೆಯಲ್ಲಿಲ್ಲದಾಗ ನಾನೂ ಒಮ್ಮೊಮ್ಮೆ ಹಾಕಿಕೊಂಡು ಕಾಯುತ್ತೇನೆ.'

ಸುಮಿಯೆ ಅದನ್ನು ಎರಡು ಸಲ ಓದಿದಳು. ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲೇ ಬಾಳಿದ್ದಳಲ್ಲ ಅವಳು; ಒಮ್ಮೆಯೂ ಗೊತ್ತಾಗಿರಲಿಲ್ಲ.

ಅವಳು ಕೊಟ್ಟ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ, ದಾರಿ ಗೊತ್ತಿದ್ದ ಹೊರಿಕಾವಾ ಆಟದ ಮಗುವನ್ನು ಬೇಗ ಬೇಗ ಕಟ್ಟೆಗೆ ಕರೆತಂದು, ಯಂತ್ರವನ್ನು ಮೇಜಿನ ಮೇಲಿಟ್ಟರು. "ಇನ್ನು ಎಲ್ಲಾರೂ ಕೈ ಕಟ್ಕೊಂಡು ಕೂರಿ."

"ಯಾಕೆ ನನ್ನನ್ನೇ ನೋಡ್ತೀರಿ?" ಎಂದ ಚಿಕ್ಕಪ್ಪ ಎರಡೂ ಕೈಯನ್ನು ತೊಡೆಯಡಿಗೆ ಸೇರಿಸಿಕೊಂಡರು.

ಟೀ ಆರಿತು. ಪರದೆಯ ಆಕಾಶ ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಕೆಂಪಗಾಗುತ್ತಿತ್ತು. ಕಾಲು ಗಂಟೆ, ಇಪ್ಪತ್ತು ನಿಮಿಷ. ಮಗು ನಿಂತೇ ಇತ್ತು.

ಸಿಬ್ಬಂದಿ ಬಾಗಿಲು ಸರಿಸಿದ. "ಕುರಮೋಚಿ ಮನೆಯವರು ಬರಬಹುದು."

ಎಲ್ಲರೂ ಎದ್ದರು. ಸುಮಿಯೆ ಏಳಲಿಲ್ಲ.

"ಇನ್ನೊಂಚೂರು ಕಾಯ್ತೀರಾ?" ಎಂದಳು. ಅಂದ ಮೇಲೆ ಅದು ಯಾರ ಮಾತೆಂದು ನೆನಪಾಯಿತು.

ಪರದೆಯ ಅಂಚಿನಲ್ಲಿ ಒಂದು ಚುಕ್ಕಿ ಬೆಳಕು ಕಾಣಿಸಿತು. ಅದು ದೋಣಿಯಾಯಿತು. ದೋಣಿ ಕಟ್ಟೆಗೆ ತಾಗಿತು. ಕೈಚೀಲ ಹಿಡಿದ ಪುಟ್ಟ ಗಂಡಸೊಬ್ಬ ಇಳಿದು, ಚೀಲ ಕೆಳಗಿಟ್ಟು, ಎರಡೂ ಕೈ ಚಾಚಿ ನಿಂತ.

"ಈಗ ಒತ್ತಬಹುದು" ಎಂದರು ಹೊರಿಕಾವಾ.

ಸುಮಿಯೆ ಗುಂಡಿ ಒತ್ತಿದಳು. ಹಳದಿ ಬೂಟುಗಳು ಓಡತೊಡಗಿದವು.