ಕಂಡಕ್ಟರ್‌ಗೊಂದು ರೈಟ್

ಅಪ್ಪನಿಗೆ ಹಳೆಯ ಖಾಕಿ ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದ ಮಗಳ ಕೈ ಅರ್ಧಕ್ಕೇ ನಿಂತಿತು.

"ಚಟ್ಟ ಹೊರೋಕೆ ನಾಲ್ಕು ಜನ ಬೇಕು. ನಾನೊಬ್ಬ, ನೀನೊಬ್ಬಳು. ಆಮೇಲೆ?" ಬಾಗಿಲಲ್ಲಿ ನಿಂತ ಚಿಕ್ಕಪ್ಪ ಕೇಳಿದ.

"ಅಪ್ಪನ ಫೋನಿಂದ ಅವರ ಗ್ರೂಪಿಗೆ ಮೆಸೇಜ್ ಹಾಕಿದೀನಿ, ಹನ್ನೊಂದಕ್ಕೆ ಬನ್ನಿ ಅಂತ. ರಿಟೈರಾದ ಕಂಡಕ್ಟರುಗಳು ಇನ್ನೂರು ಜನ ಇದಾರೆ."

ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಕಂಡಕ್ಟರುಗಳಲ್ಲ ಕಣೆ. ಮನೆಯಿಂದ ಈಚೆ ಬರೋಕೆ ಹೆದರೋರು ಒಬ್ಬರಿಗೊಬ್ಬರು ಧೈರ್ಯ ಹೇಳೋ ಗ್ರೂಪು. ಅಣ್ಣನ್ನ ಸೇರಿಸಿದ್ದೇ ನಾನು. ಹೊಸ್ತಿಲು ದಾಟದವರನ್ನ ಹೆಗಲು ಕೊಡೋಕೆ ಕರೆದಿದೀಯಲ್ಲೇ."

ಮಗಳು ಅಲ್ಲೇ ಕುಸಿದು ಕೂತಳು. ಅಪ್ಪನನ್ನು ಕಳಿಸಿಕೊಡಲು ಜನವಿಲ್ಲ ಎನ್ನುವುದು ಸಾವಿಗಿಂತ ಹೆಚ್ಚು ಚುಚ್ಚಿತು.

*

ತಾನು ಕಂಡಕ್ಟರಾಗಿದ್ದ ಬಸ್ಸು ಉರುಳಿದ ಮೇಲೆ ಅಪ್ಪ ಎರಡು ವರ್ಷ ಗೇಟು ದಾಟಿರಲಿಲ್ಲ. ಒಂದು ಬೆಳಿಗ್ಗೆ ಫೋನು ನೋಡಿಕೊಂಡು, ಬೆವರು ಒರೆಸಿಕೊಂಡು, "ರೈಟ್" ಎಂದು ತನಗೆ ತಾನೇ ಹೇಳಿಕೊಂಡು ಬೀದಿ ಕೊನೆಯವರೆಗೆ ಹೋಗಿಬಂದ. ಅಂದಿನಿಂದ ದಿನಾ ಏಳಕ್ಕೆ ಕೂತು ಫೋನಲ್ಲಿ ಒಂದೇ ಬೆರಳಲ್ಲಿ "ರೈಟ್, ರೈಟ್" ಎಂದು ಟೈಪು ಮಾಡುತ್ತಿದ್ದ.

"ಯಾರಿಗಪ್ಪಾ ಅಷ್ಟೊಂದು ರೈಟ್ ರೈಟ್?"

"ಪ್ಯಾಸೆಂಜರುಗಳಿಗಮ್ಮ. ಕೆಲವರು ಹತ್ತೋಕೆ ಲೇಟ್ ಮಾಡ್ತಾರೆ. ಬಿಟ್ಟು ಹೋಗೋಕಾಗುತ್ತಾ?"

ರಿಟೈರಾದರೂ ಚಟ ಬಿಟ್ಟಿಲ್ಲ ಎಂದು ಅವಳು ನಕ್ಕಿದ್ದಳು.

*

ಹನ್ನೊಂದಕ್ಕೆ ಬೆವರಲ್ಲಿ ತೊಯ್ದ ದಪ್ಪ ಮನುಷ್ಯನೊಬ್ಬ ಗೇಟು ಹಿಡಿದು ನಿಂತಿದ್ದ.

"ಕಂಡಕ್ಟರ್ ಮನೆ ಇದೇನಾ? ಸದಾ ಕಿಟಕೀಲೇ ಕೂತಿರ್ತೀನಿ ಅಂತ ಗ್ರೂಪಲ್ಲಿ ನನ್ನನ್ನ 'ಕಿಟಕಿ' ಅಂತಾರೆ. ಮೂರು ಸಲ ಅರ್ಧ ದಾರಿಯಿಂದ ವಾಪಸ್ ಹೋದೆ. ನಾಲ್ಕನೇ ಸಲ ಬಂದೇಬಿಟ್ಟೆ."

ಅವನ ಹಿಂದೆ ಇಬ್ಬರು. ಆಮೇಲೆ ಐವರು. ಹನ್ನೊಂದೂವರೆಗೆ ಅಂಗಳದಲ್ಲಿ ಹತ್ತೊಂಬತ್ತು ಜನ, ಕೆಲವರು ಗೋಡೆಗೆ ಆತುಕೊಂಡು, ಕೆಲವರು ಒಬ್ಬರ ಕೈ ಒಬ್ಬರು ಹಿಡಿದು. ಕೊನೆಗೆ ಬಂದ ಆಟೊದಿಂದ ಮಾತ್ರ ಯಾರೂ ಇಳಿಯಲಿಲ್ಲ. ಒಳಗೊಬ್ಬ ಅಜ್ಜಿ ಕೂತಿದ್ದರು.

"ಆರು ವರ್ಷ ಆಯ್ತಮ್ಮ ಮನೆ ಬಿಟ್ಟು. ಇಲ್ಲಿವರೆಗೂ ಬಂದೆ, ಕಾಲು ಇಳೀತಿಲ್ಲ."

"ನಿಧಾನವಾಗಿ ಇಳೀರಿ ಅಜ್ಜಿ," ಮಗಳು ಪಕ್ಕದಲ್ಲಿ ನಿಂತಳು. "ನಿಮ್ಮನ್ನ ಬಿಟ್ಟು ಹೋಗಲ್ಲ."

ಅಜ್ಜಿಯ ಕಾಲು ನೆಲ ಮುಟ್ಟಿದಾಗ ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಾವಿನ ಮನೆ ಎನ್ನುವುದನ್ನು ಮರೆತು ಎಲ್ಲರೂ ತಟ್ಟಿದರು. ಮಗಳೂ ತಟ್ಟಿದಳು.

"ಹೆಗಲು ಕೊಡೋಕೆ ಕ್ಯೂ ನಿಂತಿದೆಯಲ್ಲೇ," ಚಿಕ್ಕಪ್ಪ ಕಣ್ಣೊರೆಸಿಕೊಂಡ.

ಮುಂದೆ ಮಗಳು ಮತ್ತು ಕಿಟಕಿ, ಹಿಂದೆ ಚಿಕ್ಕಪ್ಪ ಮತ್ತು ಇನ್ನೊಬ್ಬರು, ಚಟ್ಟ ಎತ್ತಿಕೊಂಡರು. ಗೇಟಿನ ಹತ್ತಿರ ಕಿಟಕಿ ನಿಂತುಬಿಟ್ಟ. ಎಲ್ಲರೂ ನಿಂತರು. ಯಾರೂ ಅವಸರ ಮಾಡಲಿಲ್ಲ.

ಅಜ್ಜಿ ಆಟೊದ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದರು.

"ರೈಟ್, ರೈಟ್."

ಕಿಟಕಿ ಗೇಟು ದಾಟಿದ.